ಚೆರ್ರಿ ಕೌಂಟಿಗೆ ಹೋಗುವವರಿಗೆ: ಟ್ಯಾಂಕ್ ತುಂಬಿಸಿ, ಶನಿವಾರ ತಪ್ಪಿಸಿ

ನಕ್ಷೆಯಲ್ಲಿ ಊರಿನ ಹೆಸರು ಕಂಡರೆ ಅಲ್ಲೊಂದು ಪೆಟ್ರೋಲ್ ಬಂಕ್ ಇರುತ್ತೆ, ಒಂದು ಅಂಗಡಿ ಇರುತ್ತೆ ಅಂತ ನಾವು ಅಂದುಕೊಂಡುಬಿಡುತ್ತೇವೆ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಚೆರ್ರಿ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಹೊರಡುವ ಮುಂಚೆ ಆ ನಂಬಿಕೆಯನ್ನು ಮನೆಯಲ್ಲೇ ಬಿಡಿ. ನಾವು ಬ್ರೌನ್‌ಲೀ ಅನ್ನುವ ಊರಿಗೆ ಹೋದೆವು. ನಕ್ಷೆಯಲ್ಲಿ ಹೆಸರು ಚೆನ್ನಾಗೇ ಕಾಣುತ್ತಿತ್ತು. ಹೋಗಿ ನೋಡಿದರೆ ಕೆಲವು ಮನೆಗಳು, ಮರಗಳ ನೆರಳು, ಅಷ್ಟೇ. ಕಾರಿನಲ್ಲಿ ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕೆಳಗಿಳಿದಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಕೊನೆಗೆ ಪಕ್ಕದ ಕೌಂಟಿಯ ಥೆಡ್‌ಫರ್ಡ್ ತಲುಪುವಷ್ಟರಲ್ಲಿ ಕೆಂಪು ದೀಪ ಹತ್ತಿ ಎಷ್ಟೋ ಹೊತ್ತಾಗಿತ್ತು. ಎಸಿ ಆರಿಸಿ, ಕಿಟಕಿ ಇಳಿಸಿ, ನಿಧಾನವಾಗಿ ಓಡಿಸಿದೆ. ಪಕ್ಕದ ಸೀಟಿನಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಜಾಸ್ತಿ ಭಯ ತಂದಿತ್ತು.

ಅದಕ್ಕೇ ಮೊದಲ ಮಾತು ಇದು. ಕೌಂಟಿಯ ಮುಖ್ಯ ಪಟ್ಟಣ ವ್ಯಾಲೆಂಟೈನ್ ಬಿಡುವಾಗ ಟ್ಯಾಂಕ್ ಅರ್ಧ ಇದ್ದರೂ ತುಂಬಿಸಿಕೊಂಡೇ ಹೊರಡಿ. ದಕ್ಷಿಣಕ್ಕೆ 83ನೇ ಹೆದ್ದಾರಿಯಲ್ಲಿ ಥೆಡ್‌ಫರ್ಡ್‌ಗೆ 65 ಮೈಲಿ. 97ನೇ ಹೆದ್ದಾರಿ ಹಿಡಿದು ಮಲ್ಲೆನ್‌ಗೆ ಹೋದರೆ ಇನ್ನೂ ಸ್ವಲ್ಪ ಜಾಸ್ತಿ. ನಡುವೆ ನಿಮಗೆ ಸಿಗುವುದು ಹುಲ್ಲು, ಬೇಲಿ, ಗಾಳಿಯಂತ್ರ, ದನ.

ನಾವು ಹೋಗಿದ್ದು ಜುಲೈನಲ್ಲಿ. ನಾನು, ನನ್ನ ಹೆಂಡತಿ, ಚಳ್ಳಕೆರೆ ಕಡೆಯಿಂದ ಮೂರು ತಿಂಗಳಿಗೆ ಬಂದಿದ್ದ ಅಪ್ಪ. ಒಮಾಹಾದ ನಮ್ಮ ಮನೆಯಿಂದ ವ್ಯಾಲೆಂಟೈನ್‌ಗೆ ಸುಮಾರು 300 ಮೈಲಿ, ಐದು ಗಂಟೆಯ ದಾರಿ. ಅಪ್ಪನಿಗೆ ಶಿಕಾಗೋ ತೋರಿಸಿದ್ದೆ. ಅವರು ಎತ್ತರದ ಕಟ್ಟಡಗಳನ್ನು ನೋಡಿ ತಲೆಯಾಡಿಸಿದ್ದರು, ಅಷ್ಟೇ. "ಇಲ್ಲಿ ಒಕ್ಕಲುತನ ಮಾಡೋರು ಎಲ್ಲವ್ರೆ?" ಅಂತ ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೇ ಈ ಪ್ರಯಾಣ.

ಚೆರ್ರಿ ಕೌಂಟಿ ಎಷ್ಟು ದೊಡ್ಡದು ಅಂತ ಹೇಳಿದರೆ ನಂಬುವುದು ಕಷ್ಟ. 15,500 ಚದರ ಕಿಲೋಮೀಟರಿಗೂ ಜಾಸ್ತಿ. ನಮ್ಮ ಬೆಳಗಾವಿ ಜಿಲ್ಲೆ ಕರ್ನಾಟಕದಲ್ಲೇ ದೊಡ್ಡದು, ಅದು 13,400ರ ಆಸುಪಾಸು. ಅಂದರೆ ಬೆಳಗಾವಿಗಿಂತ ದೊಡ್ಡ ಜಾಗ. ಬೆಳಗಾವಿಯಲ್ಲಿ 2011ರ ಗಣತಿಯ ಪ್ರಕಾರ ಸುಮಾರು 48 ಲಕ್ಷ ಜನ. ಚೆರ್ರಿ ಕೌಂಟಿಯಲ್ಲಿ 2020ರ ಗಣತಿಯಲ್ಲಿ ಸಿಕ್ಕವರು 5,455 ಜನ. ಲಕ್ಷ ಅಲ್ಲ, ಬರೀ ಐದೂವರೆ ಸಾವಿರ. ಅದರಲ್ಲೂ 2,633 ಮಂದಿ ವ್ಯಾಲೆಂಟೈನ್ ಪಟ್ಟಣದಲ್ಲೇ ಇದ್ದಾರೆ. ಮಿಕ್ಕ ಅರ್ಧ ಜನ ಉಳಿದ ಅಷ್ಟೂ ನೆಲದಲ್ಲಿ ಹರಡಿಕೊಂಡಿದ್ದಾರೆ. ದನಗಳ ಲೆಕ್ಕ ಬೇರೆ. ಮಾಂಸಕ್ಕಾಗಿ ಕರು ಹಾಕಿಸುವ ಹಸುಗಳು ಅಮೆರಿಕದಲ್ಲೇ ಅತಿ ಹೆಚ್ಚು ಇರುವ ಕೌಂಟಿ ಇದು. ಒಂದೂವರೆ ಲಕ್ಷಕ್ಕೂ ಮಿಕ್ಕಿ ಇವೆ.

ಈ ಅಂಕಿಗಳನ್ನು ಕಾರಿನಲ್ಲಿ ಓದಿ ಹೇಳಿದಾಗ ಅಪ್ಪ, "ಬರಗಾಲ ಬಂದು ಗುಳೆ ಹೋದ್ರಾ?" ಅಂದರು. ಪೂರ್ತಿ ತಪ್ಪಲ್ಲ. 1920ರಲ್ಲಿ ಇಲ್ಲಿ 11,753 ಜನ ಇದ್ದರು. ಅಲ್ಲಿಂದ ಪ್ರತಿ ಗಣತಿಯಲ್ಲೂ ಇಳಿಯುತ್ತಲೇ ಬಂದಿದೆ. ಆದರೆ ಕಾರಣ ನೀರಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ರೂಮಿನ ವಿಷಯ. ಇದನ್ನು ಬರೆಯಬೇಕು ಅಂತಲೇ ಕೂತಿದ್ದು.

ಅಪ್ಪನಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಬೇಕು. ಅದಕ್ಕೆ ಫ್ರಿಜ್ ಬೇಕು. ವ್ಯಾಲೆಂಟೈನ್‌ನಲ್ಲಿ ರೂಮು ಕಾಯ್ದಿರಿಸುವಾಗ ನಾನು ಫೋನ್ ಮಾಡಿ ಎರಡು ಸಲ ಕೇಳಿದ್ದೆ. ಇದೆ ಅಂದರು. ದಿನಕ್ಕೆ 219 ಡಾಲರ್, ಅದೂ ಕನಿಷ್ಠ ಎರಡು ರಾತ್ರಿ ಇರಲೇಬೇಕು, ರದ್ದು ಮಾಡಿದರೆ ಒಂದು ಪೈಸೆ ವಾಪಸ್ಸಿಲ್ಲ. ಒಮಾಹಾದಲ್ಲಿ ಆ ದುಡ್ಡಿಗೆ ಒಳ್ಳೆಯ ಹೋಟೆಲ್ ಸಿಗುತ್ತೆ. ಇಲ್ಲಿ ಸಿಕ್ಕಿದ್ದು ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡ ಒಂದು ಕೋಣೆ. ನಾವು ಹೇಳಿದ ರೂಮು ಬೇರೆಯವರಿಗೆ ಕೊಟ್ಟಾಗಿತ್ತು. ಫ್ರಿಜ್ ಇಟ್ಟಿದ್ದ ಗುರುತು ಗೋಡೆ ಮೇಲಿತ್ತು, ಚೌಕಾಕಾರದ ಬಿಳಿ ಕಲೆ. ಫ್ರಿಜ್ ಇರಲಿಲ್ಲ. ರಾತ್ರಿ ಒಂಬತ್ತಾದ ಮೇಲೆ ಕೌಂಟರಿನಲ್ಲಿ ಯಾರೂ ಇರುವುದಿಲ್ಲ. ಗಾಜಿಗೆ ಒಂದು ಫೋನ್ ನಂಬರ್ ಅಂಟಿಸಿದ್ದರು. ನಾನು ಐದು ಸಲ ಮಾಡಿದೆ. ಯಾರೂ ಎತ್ತಲಿಲ್ಲ. ಆ ರಾತ್ರಿ ಅಪ್ಪನ ಔಷಧಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ದಾರಿಯಲ್ಲಿ ಕೊಂಡಿದ್ದ ಐಸಿನ ಡಬ್ಬಿಯಲ್ಲಿಟ್ಟೆವು. ಐಸ್ ನೇರ ತಾಗಬಾರದು ಅಂತ ಹೆಂಡತಿ ಮಧ್ಯೆ ಟವೆಲ್ ಹಾಕಿದಳು. ಎರಡು ಗಂಟೆಗೊಮ್ಮೆ ಎದ್ದು ನೋಡಿದಳು.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಕೇಳಿ. ಫ್ರಿಜ್ ಇದೆ ಅನ್ನುವುದನ್ನು ಫೋನಿನಲ್ಲಿ ಕೇಳಿ ಬಿಡಬೇಡಿ, ಬರವಣಿಗೆಯಲ್ಲಿ ತರಿಸಿಕೊಳ್ಳಿ. ಚಿಕ್ಕ ಐಸ್ ಡಬ್ಬಿ ಜೊತೆಗಿರಲಿ. ಔಷಧಿ ಎರಡು ದಿನಕ್ಕೆ ಜಾಸ್ತಿಯೇ ತನ್ನಿ. ವ್ಯಾಲೆಂಟೈನ್‌ನಲ್ಲಿ ಆಸ್ಪತ್ರೆ ಇದೆ, ಆದರೆ ನೀವು ಕೌಂಟಿಯ ಇನ್ನೊಂದು ಮೂಲೆಯಲ್ಲಿದ್ದರೆ ಅಲ್ಲಿಗೆ ಬರಲು ಗಂಟೆಗಿಂತ ಜಾಸ್ತಿ ಬೇಕು. ಜುಲೈ, ಆಗಸ್ಟಿನ ವಾರಾಂತ್ಯಗಳಲ್ಲಿ ನಯೊಬ್ರಾರಾ ನದಿಯಲ್ಲಿ ದೋಣಿ ಹತ್ತಲು ಬರುವವರು ಇರುವಷ್ಟೂ ರೂಮು ಹಿಡಿದಿರುತ್ತಾರೆ. ಬಾಡಿಗೆ ಏರುವುದು ಅದಕ್ಕೇ. ಅಲ್ಲಿ ಸಿಗದಿದ್ದರೆ ಪೂರ್ವಕ್ಕೆ 45 ಮೈಲಿ ದೂರದ ಐನ್ಸ್‌ವರ್ತ್‌ನಲ್ಲಿ ನೋಡಿ. ಮುಂದಿನ ಸಲ ನಾನು ಮೊದಲು ಅಲ್ಲೇ ವಿಚಾರಿಸುತ್ತೇನೆ.

ಮಾರನೇ ದಿನ ಪಶ್ಚಿಮಕ್ಕೆ, 20ನೇ ಹೆದ್ದಾರಿಯಲ್ಲಿ ಕೋಡಿ ಅನ್ನುವ ಊರಿಗೆ ಹೊರಟೆವು. ಸುಮಾರು 40 ಮೈಲಿ. ಹಳ್ಳಿಗಳು ಸಾಲಾಗಿ ಬರುತ್ತವೆ. ಕ್ರೂಕ್‌ಸ್ಟನ್, ಕಿಲ್ಗೋರ್, ನೆನ್ಜಲ್. ನೆನ್ಜಲ್‌ನಲ್ಲಿ ಇರುವುದು ಇಪ್ಪತ್ತರ ಆಸುಪಾಸು ಜನ. ನಮ್ಮ ಕಡೆ ಒಂದು ಕೂಡುಕುಟುಂಬ ಅಷ್ಟಿರುತ್ತೆ. ಎದುರಿಗೆ ಬರುವ ಪ್ರತಿಯೊಂದು ಪಿಕಪ್ ಗಾಡಿಯವನೂ ಸ್ಟಿಯರಿಂಗ್ ಮೇಲಿನ ಕೈಯಿಂದ ಒಂದು ಬೆರಳು ಎತ್ತುತ್ತಾನೆ. ಅದು ನಮಸ್ಕಾರ. ಮೊದಲ ಎರಡು ಮೂರು ಗಾಡಿಗಳಿಗೆ ನನಗೆ ಗೊತ್ತಾಗಲಿಲ್ಲ. ಅಪ್ಪ ತಕ್ಷಣ ಹಿಡಿದುಕೊಂಡರು. ಆಮೇಲೆ ನಾಲ್ಕು ದಿನವೂ ಮುಂದಿನ ಸೀಟಿನಲ್ಲೇ ಕೂತು ಎಲ್ಲರಿಗೂ ಕೈ ಎತ್ತಿದರು.

ಕೋಡಿಯಲ್ಲಿ ನೂರೈವತ್ತು ಚಿಲ್ಲರೆ ಜನ. ಊರಿನ ದಿನಸಿ ಅಂಗಡಿ ಮುಚ್ಚಿ ಬಹಳ ವರ್ಷ ಆಗಿತ್ತಂತೆ. ಆಗ ಶಾಲೆಯ ಮಕ್ಕಳು ಊರವರ ಜೊತೆ ಸೇರಿ ತಾವೇ ಒಂದು ಅಂಗಡಿ ತೆಗೆದರು. ಹೆಸರು ಸರ್ಕಲ್ ಸಿ ಮಾರ್ಕೆಟ್, ಬಾಗಿಲು ತೆರೆದದ್ದು 2013ರಲ್ಲಿ. ಗೋಡೆಗಳು ಹುಲ್ಲಿನ ಪಿಂಡಿಗಳದ್ದು, ಮೇಲೆ ಗಾರೆ ಮೆತ್ತಿದ್ದಾರೆ. ಅಪ್ಪ ಗೋಡೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿದರು. ನಾವು ಹಾಲು, ಬಾಳೆಹಣ್ಣು, ಬ್ರೆಡ್ ತೆಗೆದುಕೊಂಡೆವು. ಈ ದಾರಿಯಲ್ಲಿ ಹೋದರೆ ನಿಮ್ಮ ದಿನಸಿಯನ್ನು ಇಲ್ಲೇ ಕೊಳ್ಳಿ. ನಾಲ್ಕು ಡಾಲರಿನ ವ್ಯಾಪಾರವಾದರೂ ಆ ಊರಿಗೆ ಅದು ಲೆಕ್ಕಕ್ಕೆ ಬರುತ್ತೆ.

ಇಲ್ಲೇ ನಾವು ಏಮಾರಿದ್ದು. ಈ ಕೌಂಟಿಯೊಳಗೇ ಗಡಿಯಾರ ಬದಲಾಗುತ್ತದೆ. ಪೂರ್ವದ ಕಡೆ ಒಂದು ಸಮಯ, ಪಶ್ಚಿಮದ ಕಡೆ ಒಂದು ಗಂಟೆ ಹಿಂದೆ. ವ್ಯಾಲೆಂಟೈನ್‌ನಲ್ಲಿ ಹತ್ತು ಅಂದರೆ ಕೋಡಿಯಲ್ಲಿ ಒಂಬತ್ತು. ಹೋಗುವಾಗ ಒಂದು ಗಂಟೆ ಲಾಭ, ಖುಷಿಯಾಯಿತು. ಬರುವಾಗ ಫೋನಿಗೆ ಸರಿಯಾಗಿ ಸಿಗ್ನಲ್ ಇಲ್ಲದೆ ಕೋಡಿಯ ಸಮಯವೇ ಉಳಿದುಬಿಟ್ಟಿತ್ತು. ಅಪ್ಪನ ಊಟದ ಹೊತ್ತಿಗೆ ವಾಪಸ್ ಬಂದೆವು ಅಂದುಕೊಂಡೆ. ಫೋನಿನಲ್ಲಿ 1:20. ಬೆಳಿಗ್ಗೆ ತಿಂಡಿ ತಿಂದಿದ್ದ ಕೆಫೆಯ ಮುಂದೆ ನಿಂತರೆ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ತಲೆಕೆಳಗು ಮಾಡಿ ಇಟ್ಟಿದ್ದರು. ನಿಜವಾದ ಸಮಯ 2:20. ಅವರು ಎರಡಕ್ಕೆ ಮುಚ್ಚುತ್ತಾರೆ.

ಈ ಕೆಫೆಯ ಬಗ್ಗೆ ನಾನು ಎಷ್ಟು ಬರೆದರೂ ಕಡಿಮೆಯೇ. ಒಳಗೆ ಆರು ಮೇಜು. ನಡೆಸುವುದು ಐವತ್ತು ದಾಟಿದ ಒಬ್ಬ ಹೆಂಗಸು, ಜೊತೆಗೆ ಒಬ್ಬ ಹುಡುಗಿ. ಬೆಳಿಗ್ಗೆ ನಾವು ಹೋದಾಗ ಮಾಂಸ ತಿನ್ನುವುದಿಲ್ಲ ಅಂದೆ. ದನವೇ ಬದುಕಾಗಿರುವ ಊರಿನಲ್ಲಿ ಈ ಮಾತು ಹೇಳಲು ಸ್ವಲ್ಪ ಸಂಕೋಚ ಆಗಿತ್ತು. ಆಕೆಗೆ ಬೇಸರವೇ ಆಗಲಿಲ್ಲ. ದೊಡ್ಡ ಕಾವಲಿಯಲ್ಲಿ ಹಂದಿ ಮಾಂಸ ಹುರಿಯುತ್ತಿತ್ತು. ನಾನು ಕೇಳುವ ಮುಂಚೆಯೇ ಗೋಡೆಯ ಮೊಳೆಯಿಂದ ಒಂದು ಕಬ್ಬಿಣದ ಬಾಣಲೆ ಇಳಿಸಿ, ತೊಳೆದು, ಬೆಣ್ಣೆ ಹಾಕಿ ಬೇರೆ ಒಲೆಯ ಮೇಲಿಟ್ಟಳು. ತುರಿದ ಆಲೂಗಡ್ಡೆಯನ್ನು ತೆಳ್ಳಗೆ ಹರಡಿ ಕೆಂಪಗೆ ಗರಿಗರಿಯಾಗುವ ತನಕ ಬೇಯಿಸಿದಳು. ಅಂಚು ನಮ್ಮ ರಾಗಿ ರೊಟ್ಟಿಯ ಅಂಚಿನ ಹಾಗೆ ಎದ್ದಿತ್ತು. ಅಪ್ಪ ಮೊಟ್ಟೆ ತಿನ್ನುತ್ತಾರೆ, ಅವರಿಗೆ ಎರಡು ಮೊಟ್ಟೆ. ನಮ್ಮಿಬ್ಬರಿಗೆ ತಟ್ಟೆಯಿಂದ ಹೊರಗೆ ಚಾಚುವಷ್ಟು ದೊಡ್ಡ ಪ್ಯಾನ್‌ಕೇಕ್. ಕಾಫಿ ಎಷ್ಟು ಬೇಕಾದರೂ. ಮೂವರಿಗೆ ಸೇರಿ 26 ಡಾಲರ್. ರಾತ್ರಿ ಫ್ರಿಜ್ ಇರಲಿಲ್ಲ ಅಂತ ಹೆಂಡತಿ ಹೇಳಿದ್ದೇ ತಡ, ಐಸ್ ಡಬ್ಬಿ ಈಸಿಕೊಂಡು ಹಳೇ ನೀರು ಚೆಲ್ಲಿ ಹೊಸ ಐಸ್ ತುಂಬಿ ಕೊಟ್ಟಳು. ದುಡ್ಡು ಮುಟ್ಟಲಿಲ್ಲ.

ಮಧ್ಯಾಹ್ನ ಬಾಗಿಲು ಮುಚ್ಚಿದ್ದರೂ ಗಾಜಿನೊಳಗಿಂದ ಅಪ್ಪನನ್ನು ನೋಡಿದಳು. ಪೊರಕೆ ಗೋಡೆಗೆ ಒರಗಿಸಿ ಬಂದು ಚಿಲಕ ತೆಗೆದಳು. ಪಶ್ಚಿಮದಿಂದ ಬರುವವರು ಒಂದು ಗಂಟೆ ಕಳೆದುಕೊಂಡು ಬರುವುದು ಅವಳಿಗೆ ಹೊಸದಲ್ಲವಂತೆ. ಒಂದೇ ಒಂದು ಮೇಜಿನಿಂದ ಮೂರು ಕುರ್ಚಿ ಇಳಿಸಿದಳು. ಅದೇ ಬಾಣಲೆ, ಅದೇ ಮೊಟ್ಟೆ, ಜೊತೆಗೆ ಟೊಮೆಟೊ ಹೆಚ್ಚಿ ಕೊಟ್ಟಳು. ಅಪ್ಪ ಎದ್ದು ನಿಂತು ಎರಡೂ ಕೈ ಮುಗಿದರು. ಅವಳೂ ಕೈ ಒರೆಸಿಕೊಂಡು ಹಾಗೆಯೇ ಕೈ ಮುಗಿದಳು. ಕೆಫೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಆರೇ ಮೇಜು, ಇಬ್ಬರೇ ಜನ. ವ್ಯಾಲೆಂಟೈನ್‌ನ ಮುಖ್ಯ ರಸ್ತೆಯಿಂದ ಒಂದು ಬೀದಿ ಒಳಗೆ ನಡೆಯಿರಿ, ಬೆಳಿಗ್ಗೆ ಆರೂವರೆಗೆ ಪಿಕಪ್ ಗಾಡಿಗಳು ನಿಂತಿರುವ ಜಾಗ ಹುಡುಕಿ. ಸಿಗುತ್ತೆ.

ಅಲ್ಲೇ ಪಕ್ಕದ ಮೇಜಿನಲ್ಲಿ ಬೆಳಿಗ್ಗೆ ರ‍್ಯಾಂಚಿನ, ಅಂದರೆ ದನ ಸಾಕುವ ದೊಡ್ಡ ಹುಲ್ಲುಗಾವಲಿನ, ಒಬ್ಬ ವಯಸ್ಸಾದವರು ಸಿಕ್ಕಿದ್ದರು. ಅಪ್ಪನ ಪ್ರಶ್ನೆಗಳನ್ನೆಲ್ಲ ನಾನು ಇಂಗ್ಲಿಷಿಗೆ ಮಾಡಿದೆ, ಅವರ ಉತ್ತರ ಕನ್ನಡಕ್ಕೆ. ಈ ಕೌಂಟಿಯಲ್ಲಿ ಜನ ಯಾಕಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಹೀಗೆ. ಕೆಳಗಿರುವುದೆಲ್ಲ ಮರಳು. ಸ್ಯಾಂಡ್‌ಹಿಲ್ಸ್ ಅನ್ನುವ ಈ ದಿಬ್ಬಗಳು ಗಾಳಿ ಹೊತ್ತು ತಂದ ಮರಳಿನ ಗುಡ್ಡಗಳು. ಪಶ್ಚಿಮಾರ್ಧ ಗೋಳದಲ್ಲೇ ಇಷ್ಟು ದೊಡ್ಡ ಮರಳು ದಿಬ್ಬಗಳ ಸೀಮೆ ಇನ್ನೊಂದಿಲ್ಲ. ಮೇಲೆ ಹುಲ್ಲು ಹೊದ್ದುಕೊಂಡಿರುವುದರಿಂದ ನಿಂತಿವೆ. ನೇಗಿಲು ಹಾಕಿದರೆ ಹುಲ್ಲು ಹೋಯಿತು, ಮರಳು ಹಾರಿತು. 1904ರಲ್ಲಿ ಸರ್ಕಾರ ಕಿನ್‌ಕೇಡ್ ಕಾಯ್ದೆ ತಂದು ಇಲ್ಲಿಗೆ ಬಂದವರಿಗೆ ತಲೆಗೆ 640 ಎಕರೆ ಕೊಟ್ಟಿತು. ಬೇರೆ ಕಡೆ ಕೊಡುತ್ತಿದ್ದದ್ದು 160. ಜನ ಬಂದರು. ಅದಕ್ಕೇ 1920ರಲ್ಲಿ ಹನ್ನೊಂದು ಸಾವಿರ ದಾಟಿದ್ದು. ಆದರೆ ಒಂದು ಹಸು ಕರುವಿಗೆ ವರ್ಷಕ್ಕೆ ಹದಿನೈದು ಇಪ್ಪತ್ತು ಎಕರೆ ಬೇಕು ಅಂದರು ಆ ಹಿರಿಯರು. 640 ಎಕರೆಯಲ್ಲಿ ಮೂವತ್ತು ನಲವತ್ತು ಹಸು. ಅಷ್ಟರಲ್ಲಿ ಸಂಸಾರ ನಡೆಯಲ್ಲ. ಒಬ್ಬೊಬ್ಬರೇ ಮಾರಿ ಹೊರಟರು, ಉಳಿದವರ ರ‍್ಯಾಂಚ್ ದೊಡ್ಡದಾಯಿತು. ಅಪ್ಪ ಬಹಳ ಹೊತ್ತು ಯೋಚಿಸಿ, "ಎರಡು ಎಕರೆ ಭಾಗ ಆದ್ರೂ ನಮ್ಮೂರಾಗೆ ಬಿಟ್ಟೋಗಲ್ಲ" ಅಂದರು.

83ನೇ ಹೆದ್ದಾರಿಯ ಬದಿಯಲ್ಲಿ ಡಿವಿಟ್ಟಿ ಅನ್ನುವ ಊರಿನ ನೆನಪಿಗೆ ಒಂದು ಫಲಕವಿದೆ. ತಪ್ಪದೆ ನಿಲ್ಲಿಸಿ. ಅದೇ ಕಾಯ್ದೆಯ ಭೂಮಿಗಾಗಿ 1907ರ ಸುಮಾರಿಗೆ ಕಪ್ಪು ಜನರ ಕುಟುಂಬಗಳು ಬಂದು ನಾರ್ತ್ ಲೂಪ್ ನದಿಯ ಉದ್ದಕ್ಕೂ ಮನೆ ಕಟ್ಟಿಕೊಂಡಿದ್ದವು. ಮರ ಸಿಗದ ಜಾಗ, ಹುಲ್ಲು ಸಮೇತ ಮಣ್ಣಿನ ಹೆಂಟೆ ಕತ್ತರಿಸಿ ಗೋಡೆ ಎಬ್ಬಿಸುತ್ತಿದ್ದರು. ಚರ್ಚು, ಶಾಲೆ, ಬೇಸ್‌ಬಾಲ್ ತಂಡ ಎಲ್ಲ ಇತ್ತು. 1930ರ ದಶಕ ಮುಗಿಯುವಷ್ಟರಲ್ಲಿ ಊರು ಖಾಲಿ. ಆ ಊರಿದ್ದ ಜಾಗ ನೋಡಬೇಕು ಅಂತಲೇ ನಾವು ಬ್ರೌನ್‌ಲೀ ಕಡೆ ತಿರುಗಿ ಪೆಟ್ರೋಲಿಗೆ ಪರದಾಡಿದ್ದು. ಈಗ ಅಲ್ಲಿ ಹುಲ್ಲು ಬಿಟ್ಟು ಏನೂ ಕಾಣುವುದಿಲ್ಲ. ಸುತ್ತಲೂ ಖಾಸಗಿ ಜಮೀನು, ಬೇಲಿ ದಾಟಬೇಡಿ.

ಅದೇ ದಾರಿಯಲ್ಲಿ ವ್ಯಾಲೆಂಟೈನ್ ವನ್ಯಜೀವಿ ಧಾಮ ಸಿಗುತ್ತದೆ. 1935ರಲ್ಲಿ ಮಾಡಿದ್ದು. ದಿಬ್ಬಗಳ ನಡುವೆ ಕೆರೆಗಳು, ಒಂದರ ಹಿಂದೆ ಒಂದು. ಇವಕ್ಕೆ ಬಹುಪಾಲು ನೀರು ಕೆಳಗಿನಿಂದಲೇ. ಒಗಲಾಲ ಅನ್ನುವ ಭಾರಿ ಅಂತರ್ಜಲದ ಪದರ ಇಲ್ಲಿ ನೆಲಕ್ಕೆ ಅಷ್ಟು ಹತ್ತಿರ. ದಿಬ್ಬದ ತಗ್ಗು ನೀರಿನ ಮಟ್ಟಕ್ಕಿಂತ ಕೆಳಗಿಳಿದರೆ ಅದೇ ಕೆರೆ. ಒಂದು ಗಾಳಿಯಂತ್ರದ ಹತ್ತಿರ ನಿಂತೆವು. ರೆಕ್ಕೆ ಕಿರುಗುಟ್ಟುತ್ತಾ ತಿರುಗುತ್ತಿತ್ತು. ಪ್ರತಿ ಸುತ್ತಿಗೂ ಕೊಳವೆಯಿಂದ ಒಂದು ಬೊಗಸೆ ನೀರು ತಗಡಿನ ತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿ ತುಂಬಿ ಹೊರಗೆ ಹರಿದು ಸುತ್ತ ಹಸಿರಾಗಿತ್ತು. ಅಪ್ಪ ಮೊಣಕೈ ತನಕ ಕೈ ಅದ್ದಿದರು. ಕೆಲವು ಕಡೆ ಹತ್ತಿಪ್ಪತ್ತು ಅಡಿಗೇ ನೀರು ಅಂದೆ. ನಮ್ಮ ಹೊಲದಲ್ಲಿ 720 ಅಡಿ ಕೊರೆಸಿ ಧೂಳು ಬಂದಿತ್ತು. ಎರಡು ಸಲ. ಅಪ್ಪ ಕೈ ತೆಗೆಯಲೇ ಇಲ್ಲ. "ಕರೆಂಟಿಲ್ಲ, ಮೋಟ್ರಿಲ್ಲ" ಅಂತ ಮಾತ್ರ ಅಂದರು. ನಾವು ಅಲ್ಲಿ ಒಂದು ಗಂಟೆ ಇದ್ದೆವು. ಒಂದು ಕಾರೂ ಹಾಯಲಿಲ್ಲ. ಇಡೀ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಇಲ್ಲ.

ಸ್ವಲ್ಪ ಮುಂದೆ ಒಂದು ದಿಬ್ಬದ ಬೆನ್ನು ಬಾಯಿ ತೆರೆದಂತೆ ಕಿತ್ತುಹೋಗಿತ್ತು. ಒಳಗೆ ಬಿಳಿ ಮರಳು. ಹುಲ್ಲು ಒಂದು ಕಡೆ ಸವೆದರೆ ಗಾಳಿ ಹೀಗೆ ಕೊರೆಯುತ್ತದಂತೆ. ಮರಳು ನಿಲ್ಲಲಿ ಅಂತ ಅದರೊಳಗೆ ಹಳೇ ಟೈರುಗಳನ್ನು ಹಾಕಿದ್ದರು. ಟೈರಿನ ಮಧ್ಯೆ ಎರಡು ಹುಲ್ಲಿನ ಎಸಳು ಎದ್ದಿದ್ದವು. ಚಳ್ಳಕೆರೆಯ ಅಮೃತ್ ಮಹಲ್ ಕಾವಲು ಕಂಡವರಿಗೆ ಈ ಹುಲ್ಲಿನ ಬೆಲೆ ಹೇಳಬೇಕಾಗಿಲ್ಲ.

ನದಿಯ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಹೊಗಳುವುದು ಅದನ್ನೇ. ನಯೊಬ್ರಾರಾ ನದಿ ಸುಂದರವಾಗಿದೆ, ನಿಜ. ಶನಿವಾರ ಹೋದದ್ದು ನಮ್ಮ ತಪ್ಪು. ದೋಣಿ ಬಾಡಿಗೆ ಕೊಡುವವರು ನಮ್ಮನ್ನು ಒಂದು ಹಳೇ ಹಳದಿ ಶಾಲಾ ಬಸ್ಸಿನಲ್ಲಿ ತುಂಬಿದರು. ಎಸಿ ಇಲ್ಲ, ಅರ್ಧ ಕಿಟಕಿ ತೆಗೆಯಲು ಬರುವುದಿಲ್ಲ, ಹೊರಗೆ 97 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಹಿಂದೆ ದೋಣಿಗಳ ಗಾಡಿ ಕಟ್ಟಿ ಜಲ್ಲಿ ರಸ್ತೆಯಲ್ಲಿ ಎಳೆದರು. ಸೀಟಿಗೆ ಮೂವರು. ಬೆಳಿಗ್ಗೆ ಹತ್ತಕ್ಕೇ ಬಿಯರಿನ ಡಬ್ಬಿಗಳು ತೆರೆದಿದ್ದವು. ಧೂಳಿಗೆ ಅಪ್ಪ ಟವೆಲ್ ಮುಖಕ್ಕೆ ಕಟ್ಟಿಕೊಂಡರು. ನೀರಿಗಿಳಿದ ಮೇಲೂ ಅಕ್ಕಪಕ್ಕ ಟ್ಯೂಬುಗಳು, ಸ್ಪೀಕರುಗಳು, ಕೂಗಾಟ. ಕೌಂಟಿಯ ಜನವೆಲ್ಲ ಆ ಹನ್ನೆರಡು ಮೈಲಿ ನೀರಿನಲ್ಲೇ ಇದ್ದಾರೋ ಅನ್ನಿಸಿತು. ಹುಡುಗರ ಗುಂಪಿಗೆ ಅದು ಇಷ್ಟವಾಗಬಹುದು. ನಾನು ಬೆಂಗಳೂರು ಬಿಟ್ಟು ಇಷ್ಟು ವರ್ಷವಾದರೂ ಗದ್ದಲ ತಡೆಯುವುದು ನನಗೆ ಆಗುವುದಿಲ್ಲ.

ಸ್ಮಿತ್ ಜಲಪಾತ ಮಾತ್ರ ಬಿಡಬೇಡಿ. ನೆಬ್ರಾಸ್ಕಾದಲ್ಲೇ ಎತ್ತರದ್ದು, 60 ಅಡಿ ದಾಟುತ್ತದೆ. ಜೋಗ ಕಂಡವರಿಗೆ ಅದು ಸಣ್ಣದು. ಆದರೆ ಆ ನೀರು ದಿಬ್ಬಗಳ ಮರಳಿನಲ್ಲಿ ಸೋಸಿ ಬಂದ ಒರತೆ ನೀರು, ಜುಲೈನಲ್ಲೂ ಮೈ ಜುಮ್ಮೆನ್ನುವಷ್ಟು ತಣ್ಣಗೆ. ಅಲ್ಲಿಗೆ ಕಾರಿನಲ್ಲೇ ಹೋಗಬಹುದು. ರಾಜ್ಯದ ಪಾರ್ಕಿನ ಪರವಾನಗಿ ಚೀಟಿ ಕಾರಿಗೆ ಬೇಕು. ಕಾಲ್ನಡೆಯ ಸೇತುವೆ ದಾಟಿ ಮರದ ಹಲಗೆಯ ದಾರಿಯಲ್ಲಿ ನಡೆದರೆ ಆಯಿತು, ಅಪ್ಪನಂಥವರಿಗೂ ಕಷ್ಟವಿಲ್ಲ. ವಾರದ ದಿನ, ಬೆಳಿಗ್ಗೆ ಎಂಟರೊಳಗೆ ಹೋಗಿ.

ಅದೇ ಚೀಟಿಯಲ್ಲಿ ಮೆರಿಟ್ ಜಲಾಶಯಕ್ಕೂ ಹೋಗಬಹುದು, ವ್ಯಾಲೆಂಟೈನ್‌ನಿಂದ 97ರಲ್ಲಿ 26 ಮೈಲಿ. 2022ರಲ್ಲಿ ಅದಕ್ಕೆ ಕತ್ತಲ ಆಕಾಶದ ಪಾರ್ಕ್ ಅನ್ನುವ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಹುಣ್ಣಿಮೆ ತಪ್ಪಿಸಿ ಹೋಗಿ. ಆಕಾಶಗಂಗೆ ಈ ತುದಿಯಿಂದ ಆ ತುದಿಗೆ ಕಂಡಿತು. ಅಪ್ಪ ತಮ್ಮ ಚಿಕ್ಕಂದಿನಲ್ಲಿ ಕಣದಲ್ಲಿ ಮಲಗಿದಾಗ ಹೀಗೇ ಕಾಣುತ್ತಿತ್ತು ಅಂದರು. ವಾಪಸ್ ಬರುವಾಗ ಜಿಂಕೆಗಳು ರಸ್ತೆಗೆ ನುಗ್ಗುತ್ತವೆ, ಗಂಟೆಗೆ ನಲವತ್ತು ಮೈಲಿಗಿಂತ ಜೋರಾಗಿ ಓಡಿಸಬೇಡಿ. ಮೈಗೆ ಉಣ್ಣಿ ಹುಳಗಳು ಹತ್ತುತ್ತವೆ, ರಾತ್ರಿ ರೂಮಿಗೆ ಬಂದು ಕಾಲು, ಕಿವಿ ಹಿಂದೆ ನೋಡಿಕೊಳ್ಳಿ.

ಊಟಕ್ಕೆ ನಾವು ಅನ್ನದ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ದಿದ್ದೆವು. ನೀವೂ ಒಯ್ಯಿರಿ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಆ ಕೆಫೆಯಲ್ಲಾದರೆ ರಾತ್ರಿಗೆ ಅಷ್ಟು ಸಾಕು.

ಅಪ್ಪ ಊರಿಗೆ ಹೋಗುವ ಮುಂಚೆ ಇನ್ನೊಮ್ಮೆ ಆ ಗಾಳಿಯಂತ್ರದ ಹತ್ತಿರ ಕೂರಬೇಕು ಅಂದಿದ್ದಾರೆ. ಸೆಪ್ಟೆಂಬರ್ ಎರಡನೇ ವಾರ ಹೊರಡುತ್ತಿದ್ದೇವೆ, ಸೋಮವಾರದಿಂದ ಬುಧವಾರ. ಐನ್ಸ್‌ವರ್ತ್‌ನಲ್ಲಿ ರೂಮು ಸಿಕ್ಕಿದೆ, ಬಾಡಿಗೆ 92 ಡಾಲರ್. ಫ್ರಿಜ್ ಇದೆ ಅಂತ ಅವರೇ ಇಮೇಲ್ ಕಳಿಸಿದ್ದಾರೆ, ಜೊತೆಗೆ ಫ್ರಿಜ್ಜಿನ ಫೋಟೋ ಕೂಡ.